ಹದಿನೇಳನೇ ನಡಿ

ಅವತ್ತು ನಾನು ಬರೇ ಕೈ.
ವಿಚಾರ ಮಾಡೂದು ಡಬ್ಬಿ,
ಹಲಗಿ ಮ್ಯಾಲೆ ಕಾಯಿ ಸರಸೂದು ನಾನು.
ಕೈಯಾದವರು ಬಾಯಿ ತೆರಿಯೂಹಂಗಿಲ್ಲ, ಅದು ಸ್ಪರ್ಧೆಯ ನಿಯಮ.
ಎಂಬತ್ತೆಂಟನೇ ಇಸವಿ, ಹುಬ್ಬಳ್ಳಿ, ವಿದ್ಯಾನಗರದ ಲ್ಯಾಬು.
ಎದುರಿಗೆ ಧಾರವಾಡದವರ ಹೊಸಾ ಮಷೀನು,
ಎಂಟು ಮೆಗಾಹರ್ಟ್ಸು, ನೆತ್ತಿ ಮ್ಯಾಲೊಂದು ಗುಲಾಬಿ, ಕುಂಕುಮ.
ನಮ್ಮದು ನಾಕು.

ನಾಕು ಸಾಲೂದಿಲ್ಲಂತ ವೃಷಭ ಚೌಗಲೆ
ಹಿಂದಿನ ದಿನ ದುರ್ಗದಬೈಲಿನ ರೇಡಿಯೋ ಅಂಗಡ್ಯಾಗ
ಆರರ ಹರಳು ತಂದಿದ್ದ.
ಅವರಿಕಾಳಿನಷ್ಟ ಅದು, ತಗಡಿನ ಅಂಗಿ ತೊಟ್ಟದ್ದು,
ಮೆಸ್ಸಿನ ರೊಕ್ಕದಾಗ ನಲವತ್ತು ಹೋತು.
ರಾತ್ರಿ ಬೆಸುಗಿ ಹಾಕಿದ. ಬೆಳಗಾಗೂದ್ರಾಗ ಡಬ್ಬಿ ಕಾದ ಹಂಚು.
ಟೇಬಲ್ ಫ್ಯಾನು ಹಚ್ಚಿ, ಅದರ ಮುಂದ ಹಸಿ ಅರಬಿ ಕಟ್ಟಿದ್ವಿ,
ಜ್ವರದ ಕೂಸಿನ ಹಣಿಗೆ ಕಟ್ಟಿಧಾಂಗ.

ಒಂದೂವರಿ ಪಟ್ಟು ಜೋರು, ಅಂದ ಹಲ್ಲು ಕಿಸದು.
ಜೋರು ಖರೆ. ಆಳ?
ನಮ್ಮ ಟೇಶನ್ನಿನ ಯಾರ್ಡು ನೋಡ್ರಿ,
ಒಂದು ಹಳಿ ಹೋಗಿ ಮೂವತ್ತಾಗತೈತಿ,
ಮೂವತ್ತರಾಗ ಒಂದೊಂದೂ ಮತ್ತ ಮೂವತ್ತು.
ಬ್ಯಾಡಾದ ಹಳಿಗೆ ಕೆಂಪು ಬಾವುಟ ಎಷ್ಟು ನೆಟ್ಟರೂ
ಒಂದು ನಡಿ ಆಚೆ ನೋಡಾಕ ಆರು ಪಟ್ಟು ವ್ಯಾಳ್ಯಾ ಬೇಕು.
ಎಂಜಿನ್ನು ಒಂದೂವರಿ ಪಟ್ಟು ಓಡಿದ್ರ
ಕಾಲು ನಡಿ ಸಿಗತೈತಿ.
ಕಾಲು ನಡಿ ಅಂದ್ರ
ಕುದುರಿ ಎತ್ತಿದ ಕಾಲು, ಇನ್ನೂ ಕೆಳಗ ಇಟ್ಟಿಲ್ಲ.

ಹದಿನೇಳರಾಗ ನಮ್ಮ ಒಂಟಿ
ದಂಡಿಗಿದ್ದ ಪ್ಯಾದಿ ತಿಂತು.
ಪರದಿ ಮ್ಯಾಲೆ ಹಸಿರು ಅಕ್ಷರ: ಒಂದು ಪ್ಯಾದಿ ಮುಂದ.
ವೃಷಭ ನನ್ನ ಬೆನ್ನಿಗೆ ಗುದ್ದಿದ.
ನಾನೂ ನಕ್ಕೆ. ಕೈಗೇನು ಗೊತ್ತು.

ಅವರು ಸಣ್ಣದೊಂದು ಪ್ಯಾದಿ ಒಂದ ಮನಿ ಸರಿಸಿದ್ರು,
ಸಪ್ಪಳಿಲ್ಲದ ಬಾಗಲಾ ಮುಂದ ಮಾಡಿಧಾಂಗ.
ಒಳಗ ಒಂಟಿ, ಒಂಟಿಯಾಗಿ.

ಒಂಟಿ ಹೋಗೂದು ನಾಕನೇ ನಡ್ಯಾಗ ಕಂಡ್ತು ಡಬ್ಬಿಗೆ.
ಕಂಡದ್ದ ತಡ, ಒಂದು ಪ್ಯಾದಿ ದಬ್ಬಿ ಸಾಯಿಸಿತು.
ಅದನ್ನ ತಿನ್ನಾಕ ಅವರಿಗೆ ವ್ಯಾಳ್ಯಾ ಹೋತು,
ಕೇಡು ಆರನೇ ನಡಿಗೆ ಸರೀತು.
ಆರನೇದು ಅದಕ್ಕ ಕಾಣೂದಿಲ್ಲ.
ಕಾಣದ್ದು ಇಲ್ಲವ ಇಲ್ಲ. ಪರದಿ ಮತ್ತ ಹಸನಾತು.
ನನಗ ಕಾಣ್ತಿತ್ತು.
ಮತ್ತೊಂದು ಪ್ಯಾದಿ ದಬ್ಬು ಅಂತು. ದಬ್ಬಿದೆ.

ಆರಕ್ಕ ಕೀಲಿ ಹಾಕಬೇಕು ಅಂತ
ದ್ಯಾಮಣ್ಣ ಬಾಗಲದಾಗ ಬಂದು ನಿಂತ.
ಒಂದು ಚಾ ಕೊಡಿಸಿದೆ. ಆರೂವರಿ.
ಒಂದು ಪ್ಲೇಟು ಗಿರ್ಮಿಟ್, ಮಗ್ಗಲದಾಗ ಎರಡು ಮಿರ್ಚಿ. ಏಳು.
ಬೀಡಿ ಕಟ್ಟು ತರಾಕ ಹುಡುಗನ್ನ ಓಡಿಸೂ ಹೊತ್ತಿಗೆ
ನನ್ನ ಬಟ್ಟು ಮೂರನೇ ಪ್ಯಾದಿ ನೆತ್ತಿ ಮ್ಯಾಲಿತ್ತು.
ಆವಾಗ ತಿಳೀತು ನಾ ಏನು ಮಾಡಾಕತ್ತೀನಿ ಅಂತ.
ಬೀಡಿ ಮುಗದ್ವು. ಕೀಲಿಗೊಂಚಲು ಸಪ್ಪಳಾತು.

ಆಟ ಮುಗದಿಲ್ಲ. ತೀರ್ಪಿಗೆ ಕೂತಾವ್ರು ಬೆಟಗೇರಿ ಇಮಾಮಸಾಬ್ರು,
ಅಚ್ಚುಕೂಟದಾಗ ಮೊಳಿ ಜೋಡಸಾವ್ರು,
ಮೂವತ್ತು ವರ್ಷ ಉಲ್ಟಾ ಅಕ್ಷರ ಓದಿದ ಕಣ್ಣು.
ಪೋಸ್ಟ್ ಕಾರ್ಡಿನ ಮ್ಯಾಲೆ ಆಡತಿದ್ರಂತ, ಒಂದು ನಡಿಗೆ ಒಂದು ವಾರ,
ಮಳಿಗಾಲದಾಗ ಎರಡು.
ಹಲಗಿ ಕಡೆ ನೋಡಲೇ ಇಲ್ಲ.
ನಾ ಬರದ ಹಾಳಿ ಇಸಗೊಂಡು
ಕೆಳಗಿನ ಸಾಲಿನಿಂದ ಮ್ಯಾಲಕ್ಕ ಬಟ್ಟು ಒಯ್ದ್ರು,
ಉಗುರ ಸಂದ್ಯಾಗ ಮಸಿ.
ಮೂವತ್ತೊಂದು. ಇಪ್ಪತ್ತಾರು. ಇಪ್ಪತ್ತರ ಹಂತೇಕ ಒಂಚೂರು ತಡದ್ರು.
ಹದಿನೇಳಕ್ಕ ನಿಂತ್ರು.
"ಇಲ್ಲೇ ಹೋಗೇತ್ರಿ ಇದು."

ವೃಷಭ ಫ್ಯಾನು ಆರಿಸಿದ. ಅರಬಿ ಯಾವಾಗೋ ಒಣಗಿತ್ತು.
ಮರುದಿನ ಹರಳು ತಿರುಗಿ ಕೊಡಾಕ ಹೋದ್ರ
ಅಂಗಡ್ಯಾಂವ ಅದರ ಕಾಲಿಗೆ ಹತ್ತಿದ ಬೆಸುಗಿ ನೋಡಿ,
ಇಷ್ಟು ಓಡಿದ್ದನ್ನ ನಾ ಹ್ಯಾಂಗ ಮಾರ್ಲಿ, ಅಂದ.